ಪ್ರೋಟೀನಿನ ಒಂದೇ ಜಾಗಕ್ಕೆ ಬಣ್ಣ ಜೋಡಿಸುವ ವಿಧಾನ

ಪ್ರಯೋಗಾಲಯಕ್ಕೆ ಹೊಸದಾಗಿ ಬಂದವರು ‘ಈ ಪ್ರೋಟೀನಿಗೆ ಹೊಳೆಯುವ ಬಣ್ಣ ಜೋಡಿಸಬೇಕು’ ಎಂದಾಗ ನಾನು ಮೊದಲು ಕೇಳುವ ಪ್ರಶ್ನೆ, ‘ಎಲ್ಲಿಗೆ?’ ಉತ್ತರ ಸಿಗುವವರೆಗೂ ಬಣ್ಣದ ಸೀಸೆಯನ್ನು ಫ್ರೀಜರಿನಿಂದ ಹೊರಗೆ ತೆಗೆಯಬೇಡಿ ಎನ್ನುತ್ತೇನೆ. ರಾಸಾಯನಿಕ ಕ್ರಿಯೆ ಮುಗಿಯಲು ಎರಡು ಗಂಟೆ ಸಾಕು. ಜಾಗ ಆರಿಸುವುದಕ್ಕೆ ಒಂದು ವಾರ ಹಿಡಿದರೂ ಅದು ವ್ಯರ್ಥವಲ್ಲ.

ಸುಲಭದ ದಾರಿ ಲೈಸಿನ್ ಎಂಬ ಅಮೈನೋ ಆಮ್ಲ. ಎನ್‌ಎಚ್‌ಎಸ್ ಎಸ್ಟರ್ ಎಂಬ ಚುರುಕು ಗುಂಪು ಇರುವ ಬಣ್ಣವನ್ನು ಪಿಎಚ್ 8.3ರ ಬೈಕಾರ್ಬನೇಟ್ ಬಫರಿನಲ್ಲಿ ಬೆರೆಸಿದರೆ ಅದು ಲೈಸಿನ್‌ನ ಅಮೈನ್ ಗುಂಪಿಗೆ ಅಂಟಿಕೊಳ್ಳುತ್ತದೆ. ಆದರೆ ಪ್ರೋಟೀನಿನ ಮೈತುಂಬ ಲೈಸಿನ್‌ಗಳಿರುತ್ತವೆ. ನಾನು ಕಲಿಸುವಾಗ ಸದಾ ಬಳಸುವ ಟಿ4 ಲೈಸೋಜೈಮ್ 164 ಅಮೈನೋ ಆಮ್ಲಗಳ ಪುಟ್ಟ ಕಿಣ್ವ. ಅದರಲ್ಲೇ 13 ಲೈಸಿನ್‌ಗಳಿವೆ. ಒಂದು ಅಣುವಿಗೆ ಎರಡು ಬಣ್ಣ, ಇನ್ನೊಂದಕ್ಕೆ ನಾಲ್ಕು, ಮತ್ತೊಂದಕ್ಕೆ ಏನೂ ಇಲ್ಲ. ಹೀಗೆ ಒಂದು ಮಿಶ್ರಣ ಕೈಗೆ ಬರುತ್ತದೆ. ಪ್ರತಿಕಾಯವನ್ನು ಹೊಳೆಯಿಸುವುದಷ್ಟೇ ಉದ್ದೇಶವಾದರೆ ಅದು ನಡೆಯುತ್ತದೆ. ಎರಡು ಬಿಂದುಗಳ ದೂರ ಅಳೆಯಬೇಕು, ಕಿಣ್ವದ ಚಲನೆ ನೋಡಬೇಕು ಎಂದರೆ ನಡೆಯುವುದಿಲ್ಲ.

ಆದ್ದರಿಂದ ನನ್ನ ಆಯ್ಕೆ ಸಿಸ್ಟೀನ್ ಎಂಬ ಅಮೈನೋ ಆಮ್ಲ. ಪ್ರೋಟೀನುಗಳಲ್ಲಿ ಅದು ವಿರಳ, ಅದರ ಥಯೋಲ್ (ಗಂಧಕ-ಹೈಡ್ರೋಜನ್) ಗುಂಪು ಬಹಳ ಚುರುಕು. ಪಿಎಚ್ 7ರ ಆಸುಪಾಸಿನಲ್ಲಿ ಥಯೋಲ್‌ಗಳ ಒಂದು ಭಾಗ ಪ್ರೋಟಾನ್ ಕಳೆದುಕೊಂಡು ಥಯೋಲೇಟ್ ಆಗಿರುತ್ತದೆ, ಬಣ್ಣದಲ್ಲಿರುವ, ಥಯೋಲ್‌ಗೆ ಅಂಟುವ ಮೇಲಿಮೈಡ್ ಗುಂಪಿನ ಮೇಲೆ ಎರಗುವುದು ಅದೇ. ಲೈಸಿನ್‌ನ ಅಮೈನ್ ಗುಂಪಿನ ಪಿಕೆಎ (ಅರ್ಧದಷ್ಟು ಗುಂಪುಗಳು ಪ್ರೋಟಾನ್ ಕಳೆದುಕೊಂಡಿರುವ ಪಿಎಚ್) ಸುಮಾರು 10.5, ಹಾಗಾಗಿ ಅದೇ ಬಫರಿನಲ್ಲಿ ಹೆಚ್ಚುಕಡಿಮೆ ಎಲ್ಲ ಲೈಸಿನ್‌ಗಳೂ ಪ್ರೋಟಾನ್ ಹೊತ್ತುಕೊಂಡು ಸುಮ್ಮನಿರುತ್ತವೆ. ನಮಗೆ ಬೇಕಾದ ಆಯ್ಕೆಯನ್ನು ಮಾಡಿಕೊಡುವುದು ಈ ಅಂತರವೇ. ಪಿಎಚ್ 7.5 ದಾಟಿದಂತೆ ಅದು ಸಡಿಲವಾಗುತ್ತದೆ. ಬಫರನ್ನು 7.0ರಲ್ಲಿ ಇಡಿ, ಮೀಟರನ್ನು ಅದೇ ದಿನ ಸರಿಹೊಂದಿಸಿ.

ಈಗ ಜಾಗದ ಮಾತು. ಪ್ರೋಟೀನಿನ ರಚನೆಯನ್ನು ಪ್ರೋಟೀನ್ ಡೇಟಾ ಬ್ಯಾಂಕಿನಿಂದ ಇಳಿಸಿಕೊಂಡು ಪರದೆಯ ಮೇಲೆ ತಿರುಗಿಸಿ ನೋಡಿ. ಮೊದಲಿಗೆ, ಸಹಜವಾಗಿಯೇ ಇರುವ ಸಿಸ್ಟೀನ್‌ಗಳನ್ನು ಗುರುತು ಹಾಕಿ. ಟಿ4 ಲೈಸೋಜೈಮ್‌ನಲ್ಲಿ ಅಂಥವು ಎರಡು, 54 ಮತ್ತು 97ನೆಯ ಸ್ಥಾನಗಳಲ್ಲಿ. 54ನೆಯದನ್ನು ಥ್ರಿಯೋನಿನ್, 97ನೆಯದನ್ನು ಅಲನಿನ್ ಮಾಡಿದರೂ ಕಿಣ್ವ ಗಟ್ಟಿಯಾಗಿ ಮಡಚಿಕೊಳ್ಳುತ್ತದೆ, ಕೆಲಸವನ್ನೂ ಮಾಡುತ್ತದೆ. ಈ ಸಿಸ್ಟೀನ್ ರಹಿತ ರೂಪವೇ ನಮ್ಮ ಖಾಲಿ ಹಲಗೆ. ನಿಮ್ಮ ಪ್ರೋಟೀನಿನ ಸಿಸ್ಟೀನ್‌ಗಳು ಒಂದಕ್ಕೊಂದು ಡೈಸಲ್ಫೈಡ್ ಬಂಧದಲ್ಲಿದ್ದರೆ, ಇಲ್ಲವೇ ಸತುವಿನಂಥ ಲೋಹವನ್ನು ಹಿಡಿದಿದ್ದರೆ ಅವನ್ನು ಮುಟ್ಟುವ ಮುನ್ನ ಎರಡು ಸಲ ಯೋಚಿಸಿ. ಅಂಥ ಪ್ರೋಟೀನುಗಳಿಗೆ ಬೇರೆ ಉಪಾಯ ಹುಡುಕುವುದೇ ಲೇಸು.

ಹೊಸ ಸಿಸ್ಟೀನ್ ಇಡುವ ಸ್ಥಾನಕ್ಕೆ ನಾನು ಮೂರು ಷರತ್ತು ಹಾಕುತ್ತೇನೆ. ಅದು ನೀರಿಗೆ ತೆರೆದುಕೊಂಡಿರಬೇಕು. ಅಲ್ಲಿರುವ ಅಮೈನೋ ಆಮ್ಲದ ಪಾರ್ಶ್ವಸರಪಳಿ ಅಕ್ಕಪಕ್ಕದವುಗಳೊಂದಿಗೆ ಮುಖ್ಯವಾದ ಬಂಧ ಏರ್ಪಡಿಸಿರಬಾರದು. ಕಿಣ್ವದ ಕ್ರಿಯಾಕೇಂದ್ರದಿಂದ ದೂರವಿರಬೇಕು. ಟಿ4 ಲೈಸೋಜೈಮ್‌ನ ಕ್ರಿಯಾಕೇಂದ್ರದಲ್ಲಿ ಇರುವವು 11ನೆಯ ಗ್ಲುಟಮಿಕ್ ಆಮ್ಲ ಮತ್ತು 20ನೆಯ ಆಸ್ಪಾರ್ಟಿಕ್ ಆಮ್ಲ. 131ನೆಯ ವ್ಯಾಲಿನ್ ಇನ್ನೊಂದು ಭಾಗದ ಹೀಲಿಕ್ಸ್‌ನ ಹೊರಮೈಯಲ್ಲಿದೆ. ನಾನು ಆರಿಸುವುದು ಅದನ್ನೇ. ಅನುಕ್ರಮದ ಅಂಕಿಗಳನ್ನು ಮಾತ್ರ ನೋಡಿ ದೂರ ಅಂದಾಜು ಮಾಡಬೇಡಿ. ಅನುಕ್ರಮದಲ್ಲಿ ನೂರು ಸ್ಥಾನ ಆಚೆಗಿರುವುದು ಮಡಚಿಕೊಂಡ ಮೇಲೆ ಪಕ್ಕದಲ್ಲೇ ಬಂದು ಕೂತಿರಬಹುದು.

ಮ್ಯುಟೇಷನ್ ಮಾಡುವ ಭಾಗವನ್ನು ಬೇಗ ಹೇಳಿಬಿಡುತ್ತೇನೆ, ಇಂದು ಅದು ದಿನನಿತ್ಯದ ಕೆಲಸ. (ಬೇಕಾದ ಜಾಗದಲ್ಲಿ ಬೇಕಾದ ಬದಲಾವಣೆ ತರುವ ಈ ತಂತ್ರವನ್ನು ರೂಪಿಸಿದ ಮೈಕೆಲ್ ಸ್ಮಿತ್ ಅವರಿಗೆ 1993ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.) ಪ್ರೈಮರಿನ (ಪಿಸಿಆರ್ ಶುರುಮಾಡುವ ಡಿಎನ್‌ಎ ತುಣುಕಿನ) ನಡುವೆ ವ್ಯಾಲಿನ್‌ನ ಸಂಕೇತದ ಬದಲು ಸಿಸ್ಟೀನ್‌ನ ಸಂಕೇತವಾದ ಟಿಜಿಸಿ ಇಡಿ, ಪಿಸಿಆರ್ ನಡೆಸಿ, ಡಿಪಿಎನ್-1 ಕಿಣ್ವದಿಂದ ಹಳೆಯ ಪ್ಲಾಸ್ಮಿಡನ್ನು ಕತ್ತರಿಸಿ. ಬ್ಯಾಕ್ಟೀರಿಯಾದಿಂದ ಬಂದ ಡಿಎನ್‌ಎಗೆ ಮೀಥೈಲ್ ಗುಂಪುಗಳಿರುವುದರಿಂದ ಕತ್ತರಿ ಬೀಳುವುದು ಅದಕ್ಕೆ ಮಾತ್ರ. ಆಮೇಲೆ ಇಡೀ ಜೀನನ್ನು ಓದಿಸಿ. ಬದಲಾದ ಜಾಗವೊಂದನ್ನೇ ಓದಿಸಿ ಸುಮ್ಮನಾಗಬೇಡಿ.

ಪ್ರೋಟೀನು ಶುದ್ಧವಾದ ಮೇಲೆ ನಿಜವಾದ ಎಚ್ಚರ ಶುರು. ಹೊರಮೈಯ ಸಿಸ್ಟೀನ್ ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ ಪಕ್ಕದ ಅಣುವಿನ ಸಿಸ್ಟೀನ್‌ನೊಂದಿಗೆ ಜೋಡಿಯಾಗುತ್ತದೆ. ಹಾಗೆ ಜೋಡಿಯಾದದ್ದು ಬಣ್ಣವನ್ನು ಹಿಡಿಯುವುದಿಲ್ಲ. ಅದಕ್ಕೇ ಮೊದಲು ಆ ಜೋಡಿಯನ್ನು ಬಿಡಿಸುವ ಡಿಟಿಟಿಯನ್ನು 5 ಮಿಲಿಮೋಲಾರ್ ಹಾಕಿ ಅರ್ಧ ಗಂಟೆ ಬಿಡಿ. ಆದರೆ ಡಿಟಿಟಿಯೂ ಥಯೋಲೇ. ಒಂದಿಷ್ಟು ಉಳಿದರೂ ದುಬಾರಿ ಬಣ್ಣವನ್ನು ಮೊದಲು ನುಂಗುವುದು ಅದೇ. ಸಣ್ಣ ಅಣುಗಳನ್ನು ಪ್ರೋಟೀನಿನಿಂದ ಬೇರ್ಪಡಿಸುವ ಡೀಸಾಲ್ಟಿಂಗ್ ಕಾಲಂ ಮೂಲಕ ಹಾಯಿಸಿ ಅದನ್ನು ಪೂರ್ತಿ ತೆಗೆಯಿರಿ. ಡಿಟಿಟಿಯ ಬದಲು ಬಳಸುವ ಟಿಸಿಇಪಿಯಲ್ಲಿ ಥಯೋಲ್ ಇಲ್ಲ, ಉಳಿದರೂ ಪರವಾಗಿಲ್ಲ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಟಿಸಿಇಪಿಯೂ ಮೇಲಿಮೈಡ್‌ನೊಂದಿಗೆ ಪ್ರತಿಕ್ರಿಯಿಸುತ್ತದೆ, ಅದನ್ನೂ ತೆಗೆಯಿರಿ. ಕಾಲಂಗೆ ಬಳಸುವ ಬಫರಿನಿಂದ ಮೊದಲೇ ಗಾಳಿ ಹೊರಡಿಸಿ, ನೈಟ್ರೋಜನ್ ಹಾಯಿಸಿ, 1 ಮಿಲಿಮೋಲಾರ್ ಇಡಿಟಿಎ ಸೇರಿಸಿಟ್ಟುಕೊಳ್ಳಿ. ತಾಮ್ರ, ಕಬ್ಬಿಣದಂಥ ಲೋಹಗಳು ಸಿಸ್ಟೀನ್‌ನ ಆಕ್ಸಿಡೀಕರಣವನ್ನು ಚುರುಕುಗೊಳಿಸುತ್ತವೆ, ಇಡಿಟಿಎ ಅವನ್ನು ಹಿಡಿದಿಡುತ್ತದೆ.

ಬಣ್ಣ ಹಾಕುವ ಮುಂಚೆ ಥಯೋಲ್‌ಗಳನ್ನು ಎಣಿಸಿ. ಎಲ್‌ಮನ್ ಕಾರಕದಿಂದ ಇದು ಹತ್ತು ಹದಿನೈದು ನಿಮಿಷದ ಕೆಲಸ: ಬಿಡುಗಡೆಯಾಗುವ ಹಳದಿ ಬಣ್ಣವನ್ನು 412 ನ್ಯಾನೋಮೀಟರಿನಲ್ಲಿ ಅಳೆದು 14,150ರಿಂದ ಭಾಗಿಸಿದರೆ ಮೋಲಾರ್ ಸಾಂದ್ರತೆ ಸಿಗುತ್ತದೆ. ಪ್ರೋಟೀನಿನ ಒಂದು ಅಣುವಿಗೆ ಒಂದರ ಹತ್ತಿರ ಥಯೋಲ್ ಬರಬೇಕು. ಅರ್ಧ ಬಂದರೆ ಮತ್ತೆ ಡಿಟಿಟಿ ಹಂತಕ್ಕೆ ಹೋಗಿ. ಒಂದಕ್ಕಿಂತ ಬಹಳ ಹೆಚ್ಚು ಬಂದರೆ ಡಿಟಿಟಿ ಇನ್ನೂ ಉಳಿದಿದೆ.

ಈಗ ಬಣ್ಣ. ಫ್ಲೋರೆಸೀನ್-5-ಮೇಲಿಮೈಡ್‌ನ ಅಣುತೂಕ 427. ಒಂದು ಮಿಲಿಲೀಟರ್ ನೀರಿಲ್ಲದ ಡಿಎಂಎಸ್‌ಓ ದ್ರಾವಕದಲ್ಲಿ 4.27 ಮಿಲಿಗ್ರಾಂ ಕರಗಿಸಿದರೆ 10 ಮಿಲಿಮೋಲಾರ್ ದ್ರಾವಣ. ಕೈಗವಸು ತಪ್ಪಿಸಬೇಡಿ, ಡಿಎಂಎಸ್‌ಓ ತನ್ನಲ್ಲಿ ಕರಗಿದ್ದನ್ನು ಚರ್ಮದೊಳಗೆ ಒಯ್ಯಬಲ್ಲದು. 50 ಮೈಕ್ರೋಮೋಲಾರ್ ಪ್ರೋಟೀನಿನ ಒಂದು ಮಿಲಿಲೀಟರಿನಲ್ಲಿ 50 ನ್ಯಾನೋಮೋಲ್ ಇದೆ. ಹತ್ತು ಪಟ್ಟು ಬಣ್ಣ ಎಂದರೆ 500 ನ್ಯಾನೋಮೋಲ್, ಅಂದರೆ 50 ಮೈಕ್ರೋಲೀಟರ್. ಡಿಎಂಎಸ್‌ಓ ಸುಮಾರು ಶೇ 5ರಲ್ಲಿ ನಿಲ್ಲುತ್ತದೆ, ಹೆಚ್ಚಿನ ಪ್ರೋಟೀನುಗಳು ಇಷ್ಟನ್ನು ತಾಳಿಕೊಳ್ಳುತ್ತವೆ. ಒಮ್ಮೆಲೇ ಸುರಿಯದೆ, ಟ್ಯೂಬನ್ನು ಮೆಲ್ಲನೆ ಅಲುಗಿಸುತ್ತ ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಫಾಯಿಲ್ ಸುತ್ತಿ ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆ ಇಡಿ. ಪ್ರೋಟೀನು ನಾಜೂಕಾಗಿದ್ದರೆ 4 ಡಿಗ್ರಿಯಲ್ಲಿ ರಾತ್ರಿಯಿಡೀ. ಪಕ್ಕದಲ್ಲೇ ಸಿಸ್ಟೀನ್ ರಹಿತ ರೂಪದ ಟ್ಯೂಬೊಂದು ಇದೇ ಹಂತಗಳನ್ನೆಲ್ಲ ದಾಟಬೇಕು. ಆ ಟ್ಯೂಬ್ ಇಲ್ಲದ ಫಲಿತಾಂಶವನ್ನು ನಾನು ಓದುವುದೂ ಇಲ್ಲ.

ಕೊನೆಗೆ ಡಿಟಿಟಿ ಹಾಕಿ ಉಳಿದ ಮೇಲಿಮೈಡನ್ನು ನಿಷ್ಕ್ರಿಯಗೊಳಿಸಿ, ಮತ್ತೊಮ್ಮೆ ಕಾಲಂ ಹಾಯಿಸಿ. ಒಂದು ಭಾಗವನ್ನು ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸುವ ಎಸ್‌ಡಿಎಸ್ ಜೆಲ್‌ನಲ್ಲಿ ಓಡಿಸಿ, ಎಲ್ಲ ಪ್ರೋಟೀನನ್ನೂ ತೋರಿಸುವ ಕುಮಾಸಿ ಬಣ್ಣ ಹಾಕುವ ಮುಂಚೆಯೇ ಹೊಳಪಿನ ಚಿತ್ರ ತೆಗೆಯಿರಿ. ಹೊಳಪು ಪ್ರೋಟೀನಿನ ಪಟ್ಟಿಯಲ್ಲಿರಬೇಕು. ಜೆಲ್‌ನ ತುದಿಯಲ್ಲಿ ಹೊಳೆಯುತ್ತಿರುವುದು ಬಿಡಿ ಬಣ್ಣ. ಸಿಸ್ಟೀನ್ ರಹಿತ ರೂಪದ ಸಾಲು ಕಪ್ಪಾಗಿಯೇ ಇರಬೇಕು.

ಎಷ್ಟು ಬಣ್ಣ ಕೂತಿತು ಎಂಬ ಲೆಕ್ಕದಲ್ಲಿ ಒಂದು ತಿದ್ದುಪಡಿಯಿದೆ. ಫ್ಲೋರೆಸೀನ್ 280 ನ್ಯಾನೋಮೀಟರಿನಲ್ಲೂ ಬೆಳಕು ಹೀರುತ್ತದೆ, ತನ್ನ ಗರಿಷ್ಠ ಹೀರಿಕೆಯ ಸುಮಾರು 0.3 ಪಟ್ಟು. ನಿಮ್ಮ ಅಳತೆ, ಆ ಗರಿಷ್ಠವಿರುವ 494ರಲ್ಲಿ 0.82, 280ರಲ್ಲಿ 0.58 ಎಂದುಕೊಳ್ಳಿ. ಬಣ್ಣದ ಹೀರಿಕೆಯ ಗುಣಾಂಕ 68,000 ಆದರೆ (ನಿಮ್ಮ ಸೀಸೆಯೊಂದಿಗೆ ಬಂದ ಬೆಲೆಯನ್ನೇ ಬಳಸಿ) ಬಣ್ಣ 12.1 ಮೈಕ್ರೋಮೋಲಾರ್. 0.58ರಿಂದ ಬಣ್ಣದ ಪಾಲಾದ 0.25 (0.82ರ 0.3 ಪಟ್ಟು) ಕಳೆದು, ಮೂರು ಟ್ರಿಪ್ಟೊಫಾನ್ ಮತ್ತು ಆರು ಟೈರೋಸಿನ್‌ಗಳಿಂದ ಬರುವ 25,440ರಿಂದ ಭಾಗಿಸಿದರೆ ಪ್ರೋಟೀನು ಸುಮಾರು 13 ಮೈಕ್ರೋಮೋಲಾರ್. ಅನುಪಾತ 0.9ರ ಮೇಲೆ, ಒಳ್ಳೆಯ ಫಲಿತಾಂಶ. ಆದರೂ ಈ ಸಂಖ್ಯೆ ಸರಾಸರಿ ಮಾತ್ರ. ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ 427 ಡಾಲ್ಟನ್ ಹೆಚ್ಚಿದ ಒಂದೇ ಶಿಖರ ಕಂಡಾಗಲೇ ನಾನು ಒಪ್ಪುವುದು. 854 ಹೆಚ್ಚಿದ್ದು ಕಂಡರೆ ಎರಡನೆಯ ಬಣ್ಣ ಎಲ್ಲೋ ಕೂತಿದೆ. ಪಿಎಚ್ ಮತ್ತು ಬಣ್ಣದ ಪ್ರಮಾಣ ಎರಡನ್ನೂ ಇಳಿಸಿ.

ಕಿಣ್ವ ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ನೋಡದೆ ಮುಂದಿನ ಪ್ರಯೋಗಕ್ಕೆ ಹೋಗಬೇಡಿ. ಲೈಸೋಜೈಮ್‌ಗಾದರೆ ಬ್ಯಾಕ್ಟೀರಿಯಾ ಕಲಕಿದ ಮಂಜುಮಂಜಾದ ದ್ರಾವಣ ತಿಳಿಯಾಗುವ ವೇಗವನ್ನು ಅಳೆದರೆ ಸಾಕು. ಬಣ್ಣ ಹಾಕಿದ್ದು, ಹಾಕದ್ದು, ಸಿಸ್ಟೀನ್ ರಹಿತದ್ದು, ಮೂರನ್ನೂ ಒಂದೇ ದಿನ ಅಳೆಯಿರಿ.

ಜೋಡಿಸಿದ ಪ್ರೋಟೀನು ಜೀವಕೋಶದೊಳಗೋ ರಕ್ತದ ಸೀರಮ್‌ಗೋ ಹೋಗುವುದಿದ್ದರೆ ಇನ್ನೊಂದು ಹೆಜ್ಜೆಯಿದೆ. ಮೇಲಿಮೈಡ್ ಮತ್ತು ಥಯೋಲ್‌ನ ಬಂಧ ಹಿಮ್ಮುಖವಾಗಿಯೂ ನಡೆಯಬಲ್ಲದು. ಗ್ಲುಟಥಯೋನ್‌ನಂಥ ಥಯೋಲ್ ಹೇರಳವಾಗಿರುವಲ್ಲಿ ಬಣ್ಣ ನಿಧಾನವಾಗಿ ಅದಕ್ಕೆ ವರ್ಗಾವಣೆಯಾಗುತ್ತದೆ. ಬಂಧದ ಉಂಗುರ ನೀರನ್ನು ಸೇರಿಸಿಕೊಂಡು ತೆರೆದುಕೊಂಡರೆ ಈ ಹಿನ್ನಡೆ ನಿಲ್ಲುತ್ತದೆ. ಬಿಡಿ ಬಣ್ಣವನ್ನೆಲ್ಲ ತೆಗೆದ ಮೇಲೆ ಪಿಎಚ್ ಅನ್ನು 8.5ರಿಂದ 9ಕ್ಕೆ ಏರಿಸಿ ಇಡಿ, ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಇನ್ನೂ 18 ಡಾಲ್ಟನ್ ಸೇರಿರುವುದು ಕಾಣುವವರೆಗೆ. ಪ್ರೋಟೀನು ಆ ಪಿಎಚ್ ತಾಳುತ್ತದೆಯೇ ಎಂದು ಸ್ವಲ್ಪದರಲ್ಲಿ ಮೊದಲು ಪರೀಕ್ಷಿಸಿ. ಬಳಿಕ ಬಫರನ್ನು ಮತ್ತೆ 7.0ಕ್ಕೆ ಬದಲಿಸಿ, ಒಂದೊಂದು ಸಲಕ್ಕೆ ಬೇಕಾದಷ್ಟನ್ನೇ ಬೇರೆ ಬೇರೆ ಟ್ಯೂಬುಗಳಿಗೆ ಹಂಚಿ, ದ್ರವ ನೈಟ್ರೋಜನ್‌ನಲ್ಲಿ ಥಟ್ಟನೆ ಹೆಪ್ಪುಗಟ್ಟಿಸಿ ಮೈನಸ್ 80ರಲ್ಲಿಡಿ. ಟ್ಯೂಬಿನ ಮೇಲೆ ಮ್ಯುಟೇಷನ್ನಿನ ಹೆಸರು, ದಿನಾಂಕ, ಸಾಂದ್ರತೆಯ ಜೊತೆಗೆ ಬಣ್ಣದ ಅನುಪಾತವನ್ನೂ ಬರೆಯಿರಿ.