ಗುಂಡಾ, ಕೂತ್ಕೋ: ನಾಯಿಗೆ ಮಾತು ಕೇಳಲು ಕಲಿಸುವ ಬಗೆ

ಎರಡು ವರ್ಷದ ಹಿಂದಿನ ಗೌರಿ ಹಬ್ಬದ ಸಂಜೆ. ಪಕ್ಕದ ಮನೆಯ ಅಜ್ಜಿ ಅರಿಶಿನ ಕುಂಕುಮಕ್ಕೆಂದು ಬಂದು ಗೇಟು ತೆಗೆದರು. ನಮ್ಮ ಗುಂಡ ಖುಷಿಗೆ ಓಡಿಹೋಗಿ ಎರಡೂ ಮುಂಗಾಲನ್ನು ಅವರ ಎದೆಗೆ ಇಟ್ಟ. ಅಜ್ಜಿ ಹಿಂದಕ್ಕೆ ಬಿದ್ದರು. ಬಲಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಆರು ವಾರ ಪ್ಲಾಸ್ಟರ್ ಹಾಕಿಕೊಂಡಿದ್ದರು.

ಆ ಸಿಟ್ಟಿನಲ್ಲಿ ನಾನು ಪೇಪರ್ ಸುರುಳಿ ಸುತ್ತಿ ಗುಂಡನಿಗೆ ನಾಲ್ಕು ಬಾರಿಸಿದೆ. ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ಪೇಪರ್ ಬಿಡಿಸಿದರೆ, ಆ ಸರಸರ ಸದ್ದಿಗೇ ಅವನು ಬಾಲವನ್ನು ಕಾಲಸಂದಿಗೆ ಸೇರಿಸಿಕೊಂಡು ಮಂಚದಡಿಗೆ ಹೋದ. ಸಂಜೆ ಕೊರಿಯರ್ ಹುಡುಗ ಬಂದಾಗ ಮಾತ್ರ ಮತ್ತೆ ಹಾರಿದ. ಏಟಿನಿಂದ ಅವನು ಕಲಿತಿದ್ದು ಪೇಪರ್ ಕಂಡರೆ ಹೆದರುವುದನ್ನು. ಬಂದವರ ಮುಂದೆ ಹೇಗಿರಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟೇ ಇರಲಿಲ್ಲ.

ಮುಂದಿನ ಎಂಟು ತಿಂಗಳಲ್ಲಿ ಪಶುವೈದ್ಯರನ್ನು ಕೇಳಿ, ಓದಿ, ತಪ್ಪು ಮಾಡಿ ತಿದ್ದಿಕೊಂಡು ನಾವು ಕಲಿತದ್ದು ಇಲ್ಲಿದೆ. ಗುಂಡ ಬೀದಿಯಿಂದ ಬಂದ ನಾಟಿ ನಾಯಿ. ಲ್ಯಾಬ್ರಡಾರ್ ಆಗಲಿ, ಮುಧೋಳ ಆಗಲಿ, ಕಲಿಸುವ ದಾರಿ ಹೆಚ್ಚುಕಡಿಮೆ ಇದೇ.

ಶುರು ಮಾಡುವ ಮುಂಚೆ

ಮೊದಲು ನಮ್ಮ ತಲೆಯಲ್ಲಿರುವ ಎರಡು ನಂಬಿಕೆಗಳನ್ನು ತೆಗೆಯಬೇಕು.

ಒಂದು, 'ತಪ್ಪು ಮಾಡಿದ್ದು ಅದಕ್ಕೆ ಗೊತ್ತು, ಮುಖ ನೋಡಿ' ಅನ್ನುವುದು. ನಾವು ಹೊರಗಿನಿಂದ ಬರುತ್ತೇವೆ, ಚಪ್ಪಲಿ ಚೂರುಚೂರಾಗಿದೆ. ನಾಯಿ ಕಿವಿ ಮಡಚಿ, ತಲೆ ತಗ್ಗಿಸಿ, ಓರೆಗಣ್ಣಲ್ಲಿ ನೋಡುತ್ತದೆ. ಅಮೆರಿಕದ ನಾಯಿ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಇದನ್ನೇ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. 'ತಿನ್ನಬೇಡ' ಅಂತ ಹೇಳಿ ಮಾಲೀಕರು ಕೋಣೆಯಿಂದ ಆಚೆ ಹೋಗುತ್ತಿದ್ದರು. ವಾಪಸ್ ಬಂದವರಿಗೆ ನಾಯಿ ತಿಂದಿದೆ ಅಥವಾ ತಿಂದಿಲ್ಲ ಎಂದು ಹೇಳಲಾಗುತ್ತಿತ್ತು. ಆ ಮಾತು ಎಷ್ಟೋ ಸಲ ಸುಳ್ಳು. ನಾಯಿ ನಿಜವಾಗಿ ತಿಂದಿತ್ತೋ ಇಲ್ಲವೋ ಎಂಬುದಕ್ಕೂ ಆ ಪೆಚ್ಚುಮೋರೆಗೂ ಸಂಬಂಧವೇ ಕಾಣಲಿಲ್ಲ. ಮಾಲೀಕರು ಬೈದಾಗ ಆ ಮೋರೆ ಬರುತ್ತಿತ್ತು. ಏನೂ ತಿನ್ನದ ನಾಯಿಗಳೂ ಬೈಗುಳಕ್ಕೆ ಹಾಗೇ ಮುಖ ಮಾಡಿದವು. ಅಂದರೆ ಅದು ನಮ್ಮ ಸಿಟ್ಟಿಗೆ ಹೆದರಿದ ಮುಖ. ಎರಡು ಗಂಟೆ ಹಿಂದೆ ಕಚ್ಚಿದ ಚಪ್ಪಲಿಗೂ ಈಗಿನ ಬೈಗುಳಕ್ಕೂ ನಾಯಿ ನಂಟು ಹಾಕಲಾರದು. ಚಪ್ಪಲಿಯನ್ನು ಗೂಡಿನೊಳಗೆ ಇಟ್ಟರೆ ಅಲ್ಲಿಗೆ ಮುಗಿಯಿತು.

ಎರಡನೆಯದು, 'ನಾವು ಯಜಮಾನರು ಅಂತ ತೋರಿಸದಿದ್ದರೆ ತಲೆ ಮೇಲೆ ಕೂರುತ್ತದೆ' ಅನ್ನುವುದು. ಈ ಮಾತಿನ ಬೇರು 1947ರಲ್ಲಿ ಪ್ರಾಣಿ ಸಂಶೋಧಕ ರುಡಾಲ್ಫ್ ಶೆಂಕೆಲ್ ಬರೆದ, ಬೋನಿನಲ್ಲಿದ್ದ ತೋಳಗಳ ಅಧ್ಯಯನದಲ್ಲಿದೆ. ಅಪರಿಚಿತ ತೋಳಗಳನ್ನು ಒಂದೇ ಕಡೆ ಕೂಡಿಹಾಕಿದ್ದರಿಂದ ಅವು ಕಾದಾಡುತ್ತಿದ್ದವು. ಗೆದ್ದದ್ದೇ ಗುಂಪಿನ ಯಜಮಾನ ಅನ್ನುವ ವಿಚಾರ ಅಲ್ಲಿಂದ ಬಂದು ನಾಯಿಗೂ ಅಂಟಿಕೊಂಡಿತು. ಆ ವಿಚಾರವನ್ನು ಜನಪ್ರಿಯಗೊಳಿಸಿದ್ದ ತೋಳ ತಜ್ಞ ಡೇವಿಡ್ ಮೆಕ್ ಅವರೇ 1999ರಲ್ಲಿ ತಿದ್ದಿದರು: ಕಾಡಿನ ತೋಳದ ಗುಂಪು ಸಾಮಾನ್ಯವಾಗಿ ಅಪ್ಪ, ಅಮ್ಮ, ಮರಿಗಳ ಒಂದು ಕುಟುಂಬ. ಅಲ್ಲಿ ಪಟ್ಟಕ್ಕಾಗಿ ಜಗಳ ಇಲ್ಲ. ಆದರೂ ನಾಯಿಯನ್ನು ಬೆನ್ನ ಮೇಲೆ ಕೆಡವಿ ಅದುಮಿ ಹಿಡಿಯುವುದನ್ನು, ಮೊನಚು ಹಲ್ಲಿನ ಚೈನು ಹಾಕಿ ಜಗ್ಗುವುದನ್ನು ಈಗಲೂ ಕಲಿಸುವವರಿದ್ದಾರೆ. ದಯವಿಟ್ಟು ಅಂಥವರ ಕೈಗೆ ನಿಮ್ಮ ನಾಯಿಯನ್ನು ಕೊಡಬೇಡಿ. ಹೆದರಿದ ನಾಯಿ ಸುಮ್ಮನಿರುತ್ತದೆ, ಒಪ್ಪುತ್ತೇನೆ. ಆದರೆ ಅದೇ ನಾಯಿ ಒಂದು ದಿನ ಎಚ್ಚರಿಕೆಯನ್ನೂ ಕೊಡದೆ ಕಚ್ಚಬಹುದು.

ನೆನಪಿಡಬೇಕಾದ್ದು ಇಷ್ಟೇ. ಯಾವುದನ್ನು ಮಾಡಿದರೆ ತನಗೆ ಒಳ್ಳೆಯದು ಸಿಗುತ್ತದೋ ಅದನ್ನು ನಾಯಿ ಮತ್ತೆ ಮಾಡುತ್ತದೆ. ಊಟದ ಹೊತ್ತಿಗೆ ಬೊಗಳಿದಾಗ ನಮ್ಮಮ್ಮ 'ಪಾಪ' ಅಂತ ದೋಸೆ ಚೂರು ಹಾಕುತ್ತಿದ್ದರು. ಅದೂ ಪಾಠವೇ. ಬೊಗಳಿದರೆ ದೋಸೆ ಅಂತ ಗುಂಡ ಚೆನ್ನಾಗಿ ಕಲಿತಿದ್ದ.

ಮನೆಯವರೆಲ್ಲ ಕೂತು ಮಾತಾಡಿ

ನಮ್ಮಲ್ಲಿ ಮಕ್ಕಳು 'ಸಿಟ್' ಅನ್ನುತ್ತಿದ್ದರು, ನಾನು 'ಕೂರು', ಅಮ್ಮ 'ಕುಂತ್ಕೊ'. ಮೂರೂ ಒಂದೇ ಅಂತ ನಾಯಿಗೆ ಹೇಗೆ ಗೊತ್ತಾಗಬೇಕು? ಒಂದು ಕೆಲಸಕ್ಕೆ ಒಂದೇ ಮಾತು ಆರಿಸಿ, ಫ್ರಿಜ್ ಮೇಲೆ ಬರೆದು ಅಂಟಿಸಿ. ನಾಯಿಗೆ ಇಂಗ್ಲಿಷೇ ಆಗಬೇಕು ಅಂತೇನಿಲ್ಲ. ಕನ್ನಡದಲ್ಲಿ ಹೇಳುವುದಾದರೆ ಮಾತುಗಳು ಒಂದಕ್ಕೊಂದು ಬೇರೆಯಾಗಿ ಕೇಳುವಂತಿರಲಿ. 'ಬಿಡು', 'ಬೇಡ' ಎರಡನ್ನೂ ಇಟ್ಟುಕೊಂಡು ನಾವು ಪೇಚಾಡಿದೆವು. ಎರಡೂ ಹತ್ತಿರ ಹತ್ತಿರ ಕೇಳುತ್ತವೆ. ಜೊತೆಗೆ ಕಾಫಿ ಬೇಡ, ಇನ್ನೊಂದು ಮುದ್ದೆ ಬೇಡ ಅಂತ ಮನೆಯಲ್ಲಿ ದಿನವಿಡೀ 'ಬೇಡ' ಕೇಳುತ್ತಲೇ ಇರುತ್ತದೆ. ಕೊನೆಗೆ ಉಳಿಸಿಕೊಂಡಿದ್ದು ನಾಲ್ಕು: ಕೂತ್ಕೋ, ಬಾ, ನಿಲ್ಲು, ಬಿಡು. ಸರಿ ಮಾಡಿದ ಕ್ಷಣಕ್ಕೆ ಒಂದು ಮೆಚ್ಚುಗೆ ಮಾತು ಬೇಕು. ನಮ್ಮದು 'ಭೇಷ್'. ಚಿಕ್ಕದು, ಚುರುಕಾಗಿ ಕೇಳುತ್ತದೆ.

ಇನಾಮಿನ ತಿಂಡಿ ಕಡಲೆಕಾಳಿನಷ್ಟು ಸಣ್ಣದಿರಲಿ. ಉಪ್ಪು ಖಾರ ಹಾಕದ ಬೇಯಿಸಿದ ಕೋಳಿ, ಮೊಟ್ಟೆ ಆಗಬಹುದು. ಮಾಂಸ ತರದ ಮನೆಯವರಿಗೆ ಪನೀರ್, ಕ್ಯಾರೆಟ್, ಬೇಯಿಸಿದ ಗೆಣಸು ಇದೆ. ಎಷ್ಟು ಕೊಟ್ಟಿರೋ ಅಷ್ಟನ್ನು ಊಟದಲ್ಲಿ ಕಡಿಮೆ ಮಾಡಿ. ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ ನಾಯಿಗೆ ವಿಷ. ಒಣದ್ರಾಕ್ಷಿಯೂ ಅಷ್ಟೇ, ಹಾಗಾಗಿ ಹಬ್ಬದ ದಿನ ಕೇಸರಿಬಾತ್, ಪಾಯಸ ಹಾಕುವ ಅಭ್ಯಾಸವನ್ನು ನಿಲ್ಲಿಸಿಬಿಡಿ.

ಪಾಠ ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಮೂರು ಸಲ ಸಾಕು. ಊಟಕ್ಕೆ ಮುಂಚೆ, ಸ್ವಲ್ಪ ಹಸಿದಿರುವಾಗ ಮಾಡಿ. ಆಫೀಸಿನಿಂದ ತಲೆ ಬಿಸಿ ಮಾಡಿಕೊಂಡು ಬಂದ ದಿನ ಪಾಠ ಬೇಡವೇ ಬೇಡ. ನಮ್ಮ ದನಿಯಲ್ಲಿರುವ ಬೇಸರ ಅದಕ್ಕೆ ತಕ್ಷಣ ತಿಳಿಯುತ್ತದೆ.

ಹೆಸರು

ಟೀವಿ ಆರಿಸಿ. ಹೆಸರನ್ನು ಒಂದೇ ಸಲ ಕರೆಯಿರಿ. ನಿಮ್ಮ ಕಡೆ ನೋಡಿದ ಕೂಡಲೇ 'ಭೇಷ್', ತಿಂಡಿ. ಹತ್ತು ಸಲ ಮಾಡಿ. ಬೈಯುವಾಗ ಹೆಸರು ಹಿಡಿಯಬೇಡಿ. ಹೆಸರು ಕೇಳಿದರೆ ಒಳ್ಳೆಯದೇ ಆಗುತ್ತದೆ ಅನ್ನುವ ನಂಬಿಕೆ ಅದಕ್ಕೆ ಇರಬೇಕು.

ಕೂತ್ಕೋ

ನಾಯಿಯ ಮುಂದೆ ನಿಲ್ಲಿ. ತಿಂಡಿಯನ್ನು ಬೆರಳ ತುದಿಯಲ್ಲಿ ಹಿಡಿದು ಅದರ ಮೂಗಿನ ಹತ್ತಿರ ತನ್ನಿ. ಈಗ ಕೈಯನ್ನು ನಿಧಾನವಾಗಿ ಮೇಲಕ್ಕೆ, ಅದರ ತಲೆಯ ಹಿಂಭಾಗದ ಕಡೆಗೆ ಸರಿಸಿ. ಮೂಗು ತಿಂಡಿಯ ಹಿಂದೆ ಮೇಲೇರುತ್ತದೆ, ಹಿಂಭಾಗ ತಾನಾಗಿ ನೆಲಕ್ಕೆ ಇಳಿಯುತ್ತದೆ. ಕುಂಡಿ ನೆಲ ಮುಟ್ಟಿದ ಆ ಕ್ಷಣಕ್ಕೇ 'ಭೇಷ್'. ಎರಡು ಸೆಕೆಂಡ್ ತಡವಾದರೆ ಅದು ಎದ್ದಿರುತ್ತದೆ, ನೀವು ಎದ್ದಿದ್ದಕ್ಕೆ ಇನಾಮು ಕೊಟ್ಟಂತಾಗುತ್ತದೆ. ಹಾರಿ ಕಿತ್ತುಕೊಳ್ಳಲು ನೋಡಿದರೆ ನಿಮ್ಮ ಕೈ ಜಾಸ್ತಿ ಎತ್ತರದಲ್ಲಿದೆ ಅಂತ ಅರ್ಥ. ಸೊಂಟ ಅದುಮಿ ಕೂರಿಸಬೇಡಿ.

ಐದಾರು ಸಲ ಸರಿಯಾದ ಮೇಲೆ ಮಾತು ಸೇರಿಸಿ: ಮೊದಲು 'ಕೂತ್ಕೋ', ಆಮೇಲೆ ಕೈ. ಒಂದೇ ಸಲ ಹೇಳಿ. 'ಕೂತ್ಕೋ ಕೂತ್ಕೋ ಕೂತ್ಕೋ' ಅಂದರೆ ಮೂರನೆಯದಕ್ಕೆ ಕೂತರೆ ಸಾಕು ಅಂತ ಕಲಿಯುತ್ತದೆ. ಎರಡು ಮೂರು ದಿನ ಬಿಟ್ಟು ಬರಿಗೈಯಲ್ಲಿ ಅದೇ ಸನ್ನೆ ಮಾಡಿ, ತಿಂಡಿ ಇನ್ನೊಂದು ಕೈಯಿಂದ ಬರಲಿ. ಹಾಗೇ ನಿಧಾನಕ್ಕೆ ನಾಲ್ಕು ಸಲಕ್ಕೊಮ್ಮೆ ತಿಂಡಿ, ಉಳಿದದ್ದಕ್ಕೆ ಮೆಚ್ಚುಗೆ, ಮೈದಡವುವುದು, ಒಂದು ಆಟ.

ಹಜಾರದಲ್ಲಿ ಕಲಿತದ್ದು ಬೀದಿಯಲ್ಲಿ ಮರೆತರೆ 'ಹಟಮಾರಿ' ಅನ್ನಬೇಡಿ. ಬೀದಿಯ ವಾಸನೆ, ಸ್ಕೂಟರ್, ಬೇರೆ ನಾಯಿಗಳ ನಡುವೆ ಅದಕ್ಕೆ ಅದು ಹೊಸ ಪಾಠವೇ. ಹಜಾರ, ಅಂಗಳ, ಮಹಡಿ, ಆಮೇಲೆ ಬೀದಿ. ಪ್ರತಿ ಜಾಗದಲ್ಲೂ ಮೊದಲಿನಿಂದ ಶುರು.

ಬಾ

ಎಲ್ಲಕ್ಕಿಂತ ಮುಖ್ಯವಾದ ಪಾಠ ಇದು, ನಾಯಿಯ ಜೀವ ಉಳಿಸುವಂಥದ್ದು. ಗೇಟು ತೆರೆದಿದೆ, ಆ ಕಡೆಯಿಂದ ಬಸ್ಸು ಬರುತ್ತಿದೆ ಅಂದಾಗ ಬೇಕಾಗುವುದು ಈ ಒಂದು ಮಾತು.

ಮನೆಯೊಳಗೆ ಇಬ್ಬರು ಎದುರು ಬದುರು ಕೂತು ಸರದಿಯಲ್ಲಿ 'ಗುಂಡಾ, ಬಾ' ಎಂದು ಕರೆಯಿರಿ. ಹೆಸರು ಮುಂದಿರಲಿ, ಯಾಕೆಂದರೆ 'ಬಾ' ಅಂತ ನಾವು ಎಲ್ಲರನ್ನೂ ಕರೆಯುತ್ತೇವೆ. ಬಂದ ಪ್ರತಿ ಸಲವೂ ಅತಿ ರುಚಿಯ ತಿಂಡಿ. ಆಮೇಲೆ ಬಯಲಿಗೆ ಹೋಗಿ, ಮೂವತ್ತು ಅಡಿಯ ಹಗುರ ಹಗ್ಗ ಕಟ್ಟಿ ಅಭ್ಯಾಸ ಮಾಡಿ. ಹಗ್ಗ ಇರುವುದು ಓಡಿಹೋಗದಿರಲಿ ಅಂತ, ಎಳೆದುಕೊಳ್ಳಲು ಅಲ್ಲ.

ಕರೆದು ಬೈಯಬೇಡಿ. ಹತ್ತು ನಿಮಿಷ ಸತಾಯಿಸಿ ಬಂದರೂ ಹೊಗಳಿ. ಕರೆದು ಸ್ನಾನ ಮಾಡಿಸುವುದು, ಕರೆದು ಚೈನು ಬಿಗಿಯುವುದು, ಇವೂ ಬೈದಂತೆಯೇ. ಸ್ನಾನಕ್ಕಾದರೆ ನೀವೇ ಹೋಗಿ ಕರೆದುಕೊಂಡು ಬನ್ನಿ. ಮುಧೋಳ ಸಾಕಿದವರಿಗೆ ಒಂದು ಮಾತು: ಅದು ಕಣ್ಣಳತೆಯಲ್ಲಿ ಬೇಟೆ ಹಿಡಿಯುವ ತಳಿ. ದೂರದಲ್ಲೊಂದು ಮೊಲ, ಬೆಕ್ಕು ಮಿಸುಕಿದರೆ ಎಷ್ಟು ಚೆನ್ನಾಗಿ ಕಲಿತಿದ್ದರೂ ಕಿವಿ ಕೇಳಿಸುವುದಿಲ್ಲ. ಬೇಲಿ ಇಲ್ಲದ ಕಡೆ ಬಿಚ್ಚಿ ಬಿಡಬೇಡಿ.

ಬಿಡು, ನಿಲ್ಲು

ಬೀದಿಯಲ್ಲಿ ಬಿದ್ದಿರುವ ಬೆಂದ ಕೋಳಿ ಮೂಳೆ ಒಡೆದು ಚೂಪಾಗಿ ಗಂಟಲಿಗೋ ಕರುಳಿಗೋ ಚುಚ್ಚಬಹುದು. ಅದಕ್ಕೇ 'ಬಿಡು' ಬೇಕು. ಮುಷ್ಟಿಯಲ್ಲಿ ತಿಂಡಿ ಮುಚ್ಚಿ ಹಿಡಿಯಿರಿ. ನೆಕ್ಕಲಿ, ಕೆರೆಯಲಿ, ಸುಮ್ನೆ ಇರಿ. ಮೂತಿ ಹಿಂದಕ್ಕೆ ತೆಗೆದ ಕೂಡಲೇ 'ಭೇಷ್', ಇನ್ನೊಂದು ಕೈಯಿಂದ ಅದಕ್ಕಿಂತ ರುಚಿಯಾದದ್ದು. ಬಾಯಲ್ಲಿರುವುದನ್ನು ಕಿತ್ತುಕೊಂಡರೆ ಮುಂದಿನ ಸಲ ಬೇಗ ನುಂಗುತ್ತದೆ. ಬದಲಿ ಕೊಟ್ಟು ಬಿಡಿಸಿ. 'ನಿಲ್ಲು' ಅಂದರೆ ಇದ್ದಲ್ಲೇ ಇರುವುದು. ಮೊದಲು ಒಂದು ಸೆಕೆಂಡ್, ಆಮೇಲೆ ಮೂರು, ಆಮೇಲೆ ಹತ್ತು. ಹೊತ್ತು ಹೆಚ್ಚಿಸುವಾಗ ದೂರ ಹೋಗಬೇಡಿ, ದೂರ ಹೋಗುವಾಗ ಹೊತ್ತು ಕಡಿಮೆ ಮಾಡಿ.

ವಾಕಿಂಗ್‌ನಲ್ಲಿ ಎಳೆದಾಟ

ಬೆಲ್ಟು ಬಿಗಿಯಾದ ಕೂಡಲೇ ಮರದಂತೆ ನಿಂತುಬಿಡಿ. ಸಡಿಲವಾದಾಗ ನಡೆಯಿರಿ. ಮೊದಲ ವಾರ ನಮಗೆ ಬೀದಿಯ ಮೂಲೆ ಮುಟ್ಟಲು ಇಪ್ಪತ್ತು ನಿಮಿಷ ಹಿಡಿಯಿತು. ಎಳೆದರೆ ಮುಂದೆ ಹೋಗಲಾಗದು ಅಂತ ಗೊತ್ತಾದ ಮೇಲೆ ಎಳೆಯುವುದು ತಾನಾಗಿ ಕಡಿಮೆಯಾಯಿತು. ಕತ್ತಿಗೆ ಹಾಕುವ ಪಟ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ವಾಸಿ. ವಾಸನೆ ನೋಡುತ್ತಾ ನಿಂತರೆ ನಿಲ್ಲಲಿ ಬಿಡಿ, ಅದು ಅದರ ವಾಕಿಂಗ್ ಅಲ್ವಾ?

ಗುರ್ರ್ ಅಂದಾಗ

ಗುರುಗುಟ್ಟಿದ್ದಕ್ಕೆ ಹೊಡೆಯಬೇಡಿ. 'ನನಗೆ ಭಯ ಆಗ್ತಿದೆ, ದೂರ ಇರು' ಅಂತ ಅದು ಹೇಳುವ ರೀತಿ ಅದು. ಮಕ್ಕಳನ್ನು ದೂರ ಕರೆದು, ಯಾಕೆ ಅಂತ ಯೋಚಿಸಿ. ಇಷ್ಟು ದಿನ ಸರಿಯಿದ್ದ ನಾಯಿ ಇದ್ದಕ್ಕಿದ್ದಂತೆ ಸಿಡುಕಿದರೆ ಮೊದಲು ಪಶುವೈದ್ಯರ ಹತ್ತಿರ ಹೋಗಿ. ಕಿವಿ ನೋವೋ ಹಲ್ಲು ನೋವೋ ಇರಬಹುದು. ದೀಪಾವಳಿ ಪಟಾಕಿಗೆ ನಡುಗುವ ನಾಯಿಗೂ ಪಾಠ ಹೇಳುವ ಹೊತ್ತು ಅದಲ್ಲ. ಕಿಟಕಿ ಮುಚ್ಚಿ, ಪಕ್ಕದಲ್ಲಿ ಕೂತು ಸವರಿ. ಸಮಾಧಾನ ಮಾಡಿದರೆ ಭಯ ಹೆಚ್ಚುತ್ತದೆ ಅನ್ನುವುದು ನಿಜವಲ್ಲ.

ಮರಿ ತಂದವರು ಕಾಯಬೇಡಿ. ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಕಂಡ ಜನ, ಕೇಳಿದ ಸದ್ದು ಅದಕ್ಕೆ ಜೀವನವಿಡೀ ಮಾಮೂಲು ಅನ್ನಿಸುತ್ತದೆ. ಲಸಿಕೆ ಪೂರ್ತಿಯಾಗುವವರೆಗೆ ಬೀದಿಗೆ ಇಳಿಸದೆ, ಎತ್ತಿಕೊಂಡೇ ಸಂತೆ, ಬಸ್ಸು, ಮಕ್ಕಳ ಗಲಾಟೆ ತೋರಿಸಿ.

ಮತ್ತೆ ಗೇಟಿಗೆ

ಹಾರುವ ನಾಯಿಯನ್ನು ಮೊಣಕಾಲಿಂದ ತಳ್ಳಿದರೂ, ಕೂಗಿದರೂ ಅದಕ್ಕೆ ಬೇಕಿದ್ದ ಗಮನ ಸಿಕ್ಕಂತೆಯೇ. ನಾವು ಹೀಗೆ ಮಾಡಿದೆವು. ಬಾಗಿಲ ಪಕ್ಕ ಹಳೆಯ ಚಾಪೆ ಹಾಸಿದೆವು. ಮಗಳು ಹೊರಗೆ ಹೋಗಿ ಗೇಟಿನ ಚಿಲಕ ಅಲ್ಲಾಡಿಸುತ್ತಿದ್ದಳು. ನಾನು 'ಕೂತ್ಕೋ' ಅನ್ನುತ್ತಿದ್ದೆ. ಚಾಪೆ ಮೇಲೆ ಕೂತರೆ ತಿಂಡಿ. ಕಾಲು ಮೇಲಕ್ಕೆ ಬಂದರೆ ಮಗಳು ಮಾತಿಲ್ಲದೆ ತಿರುಗಿ ಹೊರಗೆ ಹೋಗುತ್ತಿದ್ದಳು. ನಾಲ್ಕೂ ಕಾಲು ನೆಲದ ಮೇಲಿದ್ದರೆ ಮಾತ್ರ ಮುದ್ದು. ದಿನಕ್ಕೆ ಹತ್ತು ಸಲದಂತೆ ಮೂರು ವಾರ. ಮೊದಲ ವಾರ ಹಾರಾಟ ಜಾಸ್ತಿಯೇ ಆಯಿತು. ಹಳೆಯ ದಾರಿ ಮುಚ್ಚಿದಾಗ ನಾಯಿ ಅದನ್ನೇ ಇನ್ನಷ್ಟು ಜೋರಾಗಿ ಪ್ರಯತ್ನಿಸಿ ನೋಡುತ್ತದೆ. ಬಹಳ ಜನ ಕೈಬಿಡುವುದು ಇಲ್ಲೇ. ನಿಜವಾದ ಅತಿಥಿಗಳು ಬಂದಾಗ ಆ ದಿನಗಳಲ್ಲಿ ಬೆಲ್ಟು ಹಾಕಿಯೇ ಇಡುತ್ತಿದ್ದೆವು.

ಹೋದ ವರ್ಷದ ಗೌರಿ ಹಬ್ಬಕ್ಕೆ ನಾನೇ ಹೋಗಿ ಅಜ್ಜಿಯನ್ನು ಕರೆದೆ. ಅವರು ಗೇಟಿನಾಚೆ ಸ್ವಲ್ಪ ಹೊತ್ತು ನಿಂತೇ ಇದ್ದರು. ನಾನು ಬೆಲ್ಟು ಹಿಡಿದಿದ್ದೆ, ಗುಂಡ ಚಾಪೆ ಮೇಲಿದ್ದ. ಬಾಲ ನೆಲಕ್ಕೆ ಪಟಪಟ ಬಡಿಯುತ್ತಿತ್ತು, ಮೈಯೆಲ್ಲ ಅದುರುತ್ತಿತ್ತು, ಆದರೆ ಏಳಲಿಲ್ಲ. ಅಜ್ಜಿ ಒಳಗೆ ಬಂದು, ಮುರಿದಿದ್ದ ಅದೇ ಕೈಯನ್ನು ಅವನ ಮೂಗಿನ ಹತ್ತಿರ ಚಾಚಿ, 'ಜಾಣ ಆಗಿದೀಯ ಕಣೋ' ಅಂದರು.