ರಂಜಲ ತೊಗಟೆಯ ಹಲ್ಲುಪುಡಿ: ಮೂರನೇ ಸಲಕ್ಕೆ ಹದ ಸಿಕ್ಕಿತು

ರಂಜಲ ಅಂದರೆ ಬಕುಲದ ಮರ. ಅದರ ತೊಗಟೆಯಿಂದ ಮೊದಲ ಸಲ ಮಾಡಿದ ಪುಡಿಯನ್ನು ಆಯಿ ಒಂದೇ ದಿನ ಬಳಸಿದಳು. ‘ತಮಾ, ಇದು ಹಲ್ಲುಪುಡಿಯೋ, ಹೊಳೆ ಮರಳೋ?’ ಅಂತ ಡಬ್ಬಿ ವಾಪಸ್ ಕೊಟ್ಟಳು. ಅವಳ ಮಾತು ಸರಿ. ಉಮಿ ಕರಿ (ಭತ್ತದ ಹೊಟ್ಟು ಸುಟ್ಟ ಮಸಿ) ಜಾಸ್ತಿ ಹಾಕಿ, ಟೀ ಜರಡಿಯಲ್ಲಿ ಸೋಸಿದ್ದೆ. ನಾಲ್ಕೇ ದಿನಕ್ಕೆ ನನ್ನ ವಸಡು ಉರಿಯತೊಡಗಿತು. ಈಗ ಉಮಿ ಕರಿ ಮುಟ್ಟುವುದೇ ಇಲ್ಲ. ಹಲ್ಲಿನ ಮೇಲ್ಪದರ ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ, ಅಲ್ವಾ?

ಎರಡನೇ ಸಲ ಮಾಡಿದ್ದು ಆಷಾಢದಲ್ಲಿ. ಶಿರಸಿಯ ಮಳೆ ಗೊತ್ತಲ್ಲ! ತೊಗಟೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿ ಇತ್ತು. ಹದಿನೈದು ದಿನ ಬಿಟ್ಟು ನೋಡಿದರೆ ಪುಡಿ ಗಂಟು ಕಟ್ಟಿ, ಮೇಲೆ ಬಿಳಿ ಬೂಸ್ಟು. 25 ಡಬ್ಬಿ ಗೊಬ್ಬರಗುಂಡಿಗೆ ಹೋಯಿತು. ಲವಂಗ, ಡಬ್ಬಿ ಎಲ್ಲ ಸೇರಿ ಎರಡು ಸಾವಿರದ ಹತ್ತಿರ. ‘ಪೇಟೆಯಲ್ಲಿ ಪೇಸ್ಟ್ ಸಿಗುವಾಗ ಸುಮ್ನೆ ಯಾಕೆ ಇದೆಲ್ಲ?’ ಅಂದ ಭಾವ.

ಮೂರನೇ ಸಲ ಮಾಘದವರೆಗೆ ಕಾದೆ. ಅಂಗಳದಲ್ಲಿ ಅಡಿಕೆಯ ಪಕ್ಕದಲ್ಲೇ ತೊಗಟೆ ಹರವಿದೆ. ಎಂಟೊಂಬತ್ತು ಬಿಸಿಲು ಬೇಕಾಯಿತು. ಮುರಿದರೆ ಚಟ್ ಅನ್ನಬೇಕು. ಬಾಗಿದರೆ ಇನ್ನೆರಡು ದಿನ ಬೇಕು. ಸವರಿದ ಕೊಂಬೆಯ ತೊಗಟೆಯೇ ಆಗಬೇಕು. ಕಾಂಡದ ಸುತ್ತ ಸುಲಿದರೆ ಮರವೇ ಸಾಯುತ್ತದೆ. ಐದು ಕಿಲೋ ಹಸಿ ತೊಗಟೆಗೆ ಎರಡು ಕಿಲೋ ಚಿಲ್ಲರೆ ಪುಡಿ ಬಂತು. ಹಳೇ ಪಂಚೆಯಲ್ಲಿ ಎರಡು ಸಲ ಸೋಸಿದೆ. ಬೆರಳಲ್ಲಿ ತಿಕ್ಕಿದರೆ ಮೈದಾಹಿಟ್ಟಿನ ಹಾಗೆ ಜಾರುತ್ತಿತ್ತು. ಹತ್ತು ಪಾಲಿಗೆ ಒಂದು ಪಾಲು ಹುರಿದ ಉಪ್ಪು, ಲವಂಗ ಚೂರು. ಇನ್ನೆರಡು ಸಾಮಾನು ಹಾಕುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ವರ್ಷಗಟ್ಟಲೆ ಎಲೆ-ಅಡಿಕೆಯ ಕವಳ ಹಾಕಿದ ಬಾಯಿ ನನ್ನದು. ಬೆಳಿಗ್ಗೆ ಉಗುಳಿದರೆ ರಕ್ತ. ಮೊದಲು ದಂತವೈದ್ಯರ ಹತ್ತಿರ ಹೋಗಿ ಹಲ್ಲಿನ ಕಲ್ಲು ತೆಗೆಸಿದೆ. ಅದು ಯಾವ ಪುಡಿಗೂ ಕರಗುವುದಿಲ್ಲ. ಕವಳವನ್ನೂ ಬಿಟ್ಟೆ. ಆಮೇಲೆ ದಿನಾ ಬೆಳಿಗ್ಗೆ ಬೆರಳಿನಿಂದ ವಸಡಿಗೆ ಮೆತ್ತಗೆ ತಿಕ್ಕಿದೆ. ರಂಜಲದ ಚೊಗರಿಗೆ ವಸಡು ಬಿಗಿಯಾಗುವುದು ನಾಲಿಗೆಗೇ ತಿಳಿಯುತ್ತದೆ. ಮೂರು ವಾರದಲ್ಲಿ ರಕ್ತ ನಿಂತಿತು. ರಾತ್ರಿ ಮಾತ್ರ ಫ್ಲೋರೈಡ್ ಪೇಸ್ಟೇ. ಹುಳುಕು ತಡೆಯುವುದಕ್ಕೆ ಅದು ಬೇಕು.

ನಡುವೆ ಗದ್ದೆ ಬದುವಿನ ಹಲ್ಲುನೋವಿನ ಗಿಡವನ್ನೂ ಪ್ರಯತ್ನಿಸಿದೆ. ಹಸಿ ಹೂವು ಜಗಿದರೆ ನಾಲಿಗೆ ಜುಂ ಅಂದು ಹತ್ತು ನಿಮಿಷ ಮರಗಟ್ಟುತ್ತದೆ. ಒಣಗಿಸಿ ಪುಡಿಗೆ ಸೇರಿಸಿದರೆ ಆ ಜುಂ ಉಳಿಯಲಿಲ್ಲ. ತಮ್ಮ ಅದನ್ನೇ ಜಗಿಯುತ್ತ ನೋವು ಮರೆತು ಕೂತ. ಒಳಗೆ ಹುಳುಕು ಇಳಿದು ಕೊನೆಗೆ ರೂಟ್ ಕೆನಾಲ್ ಮಾಡಿಸಬೇಕಾಯಿತು.

ಈ ವರ್ಷ 40 ಡಬ್ಬಿ ಆಯಿತು, ಎಲ್ಲ ನೆಂಟರ ಮನೆಗೇ ಹೋಯಿತು. ಭಾವ ಎರಡು ಒಯ್ದ. ಒದ್ದೆ ಬೆರಳು ಡಬ್ಬಿಗೆ ಅದ್ದಬೇಡ, ಅಂಗೈಗೆ ಸುರುವಿಕೋ ಅಂತ ಹೇಳಿ ಕೊಟ್ಟಿದ್ದೇನೆ.