ಮೀಟಿಂಗ್ ನೋಟ್ಸ್ ಬರೆಯೋದು ಯಾರು? ಒಂದು ತಿಂಗಳು ಲೆಕ್ಕ ಇಟ್ಟು ನೋಡಿ

ಮೀಟಿಂಗ್‌ನಲ್ಲಿ ನೋಟ್ಸ್ ಬರೆಯೋದು, ಬರ್ತ್‌ಡೇ ಕೇಕ್ ತರಿಸೋದು, ಹೊಸಬರಿಗೆ ಆಫೀಸ್ ತೋರಿಸೋದು. ನಿಮ್ಮ ಟೀಮಿನಲ್ಲಿ ಇದೆಲ್ಲ ಯಾರ ಪಾಲಿಗೆ ಬರುತ್ತದೆ? ನೆನಪಿನಿಂದ ಹೇಳಬೇಡಿ. ಒಂದು ತಿಂಗಳು ಸುಮ್ನೆ ಒಂದು ಶೀಟಿನಲ್ಲಿ ಬರೆದಿಡಿ: ಕೆಲಸ ಏನು, ಮಾಡಿದ್ದು ಯಾರು, ತಾವೇ ಮುಂದೆ ಬಂದರಾ, ಇಲ್ಲಾ ಯಾರಾದರೂ ಕೇಳಿದರಾ.

ಆ ಕೊನೇ ಕಾಲಂ ಬಿಡಬೇಡಿ. 2017ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞೆ ಲಿಂಡಾ ಬ್ಯಾಬ್‌ಕಾಕ್ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗಗಳಲ್ಲಿ, ಗಂಡಸರು ಹೆಂಗಸರು ಬೆರೆತ ಗುಂಪುಗಳಲ್ಲಿ ಯಾರಿಗೂ ಬೇಡವಾದ ಕೆಲಸಕ್ಕೆ ಹೆಂಗಸರೇ ಜಾಸ್ತಿ ಮುಂದೆ ಬಂದರು, ಜನ ಕೇಳಿದ್ದೂ ಅವರನ್ನೇ ಜಾಸ್ತಿ; ಬರೀ ಗಂಡಸರೇ ಇದ್ದ ಗುಂಪಿನಲ್ಲಿ ಮಾತ್ರ ಗಂಡಸರೂ ಅಷ್ಟೇ ಸಲೀಸಾಗಿ ಮುಂದೆ ಬಂದರು. ಅಂದರೆ ಇದು ಸ್ವಭಾವಕ್ಕಿಂತ "ಅವರು ಮಾಡ್ತಾರೆ ಬಿಡು" ಅನ್ನೋ ನಿರೀಕ್ಷೆಯ ಆಟ, ಅಲ್ವಾ?

ಲೆಕ್ಕ ಕೈಗೆ ಬಂದ ಮೇಲೆ "ಯಾರು ಮಾಡ್ತೀರಿ?" ಅಂತ ಕೇಳೋದನ್ನೇ ನಿಲ್ಲಿಸಿ. ಸರದಿ ಹಾಕಿ. ಚೀಟಿ ಎತ್ತಿದರೂ ಆದೀತು. ನೋಟ್ಸ್ ಕೆಟ್ಟದಾಗಿ ಬರೆದರು ಅಂತ ಯಾರನ್ನೂ ಸರದಿಯಿಂದ ಬಿಡಬೇಡಿ, ತಪ್ಪಿಸಿಕೊಳ್ಳೋಕೆ ಅದು ಹಳೇ ಉಪಾಯ!

ಅಪ್ರೈಸಲ್ ಬರೆಯುವವರು ನೀವಾದರೆ ಇನ್ನೊಂದು ಕೆಲಸ ಇದೆ. ಬರೆದದ್ದನ್ನು ಹೆಸರು ಮುಚ್ಚಿ ಮತ್ತೆ ಓದಿ. ಮೀಟಿಂಗ್‌ನಲ್ಲಿ ಗಟ್ಟಿಯಾಗಿ ವಾದ ಮಾಡಿದ ಅವನು "ಖಡಕ್", ಹಾಗೇ ಮಾಡಿದ ಅವಳು "ಸ್ವಲ್ಪ ಒರಟು" ಆಗಿದ್ದರೆ ಪದ ಹೊಡೆದುಹಾಕಿ, ನಡೆದದ್ದನ್ನಷ್ಟೇ ಬರೆಯಿರಿ.